ಜೀವಂತ ಕೋಶದೊಳಗಿನ ಬೆಳಕು ಏನನ್ನು ಹೇಳುತ್ತದೆ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಜೀವಕೋಶಗಳನ್ನು ಅವು ಬದುಕಿರುವಾಗಲೇ ಗಮನಿಸುವ, ಅವುಗಳೊಳಗಿನ ಅಣುಗಳನ್ನು ಅಳೆಯುವ ಸಾಧನಗಳ ಬಗ್ಗೆ ಹಲವು ಪತ್ರಗಳು ಬಂದಿವೆ. ಒಂದು ಪ್ರಶ್ನೆಯ ಉತ್ತರ ಮತ್ತೊಂದಕ್ಕೆ ನೆರವಾಗುವಂತಿರುವುದರಿಂದ ಅವುಗಳಲ್ಲಿ ಕೆಲವನ್ನು ಆಯ್ದು, ಈ ಬಾರಿಯ ಅಂಕಣವನ್ನು ಇಡಿಯಾಗಿ ಅದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಕೋಶಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದನ್ನು ಕಾಲೇಜಿನಲ್ಲಿ ನಾವೆಲ್ಲ ಮಾಡಿದ್ದೇವೆ. ಹಾಗಿರುವಾಗ ಜೀವಂತ ಕೋಶವನ್ನು ನೋಡಲು ಬೇರೆಯೇ ತಂತ್ರಗಳು ಏಕೆ ಬೇಕು?

ಉತ್ತರ: ಕಾಲೇಜಿನಲ್ಲಿ ನೀವು ನೋಡಿದ್ದು ಬಹುಮಟ್ಟಿಗೆ ಸತ್ತ ಕೋಶವನ್ನು. ಫಾರ್ಮಾಲ್ಡಿಹೈಡ್ ಅಥವಾ ಆಲ್ಕೋಹಾಲಿನಲ್ಲಿ ಕೋಶವನ್ನು ಸ್ಥಿರಗೊಳಿಸಿದ ಮೇಲೆ ಅದರ ಪೊರೆಯನ್ನು ದಾಟಿ ಬಣ್ಣ ಒಳಹೋಗುತ್ತದೆ, ಭಾಗಗಳು ಎದ್ದು ಕಾಣುತ್ತವೆ. ಯಾವುದು ಎಲ್ಲಿದೆ ಎಂಬುದನ್ನು ಅಂತಹ ಚಿತ್ರ ಚೆನ್ನಾಗಿ ತೋರಿಸುತ್ತದೆ. ಆದರೆ ಯಾವುದು ಮೊದಲು ಬಂತು, ಯಾವುದು ಅದರ ಬೆನ್ನಲ್ಲೇ ಬಂತು, ಎಷ್ಟು ಹೊತ್ತು ನಿಂತು ಮರೆಯಾಯಿತು ಎಂಬುದನ್ನು ಅದು ಹೇಳಲಾರದು. ಕೋಶದ ಬದುಕು ಎಂದರೆ ಈ ಕ್ರಮವೇ ಆಗಿರುವುದರಿಂದ, ಅದನ್ನು ಬಿಟ್ಟ ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಅಪೂರ್ಣ.

ಬಣ್ಣ ಹಾಕದ ಜೀವಂತ ಕೋಶವಾದರೋ ಹೆಚ್ಚುಕಡಿಮೆ ಪಾರದರ್ಶಕ. ಅದರ ಮೂಲಕ ಹಾದ ಬೆಳಕು ಕುಂದುವುದಿಲ್ಲ, ತುಸು ತಡವಾಗುತ್ತದೆ ಅಷ್ಟೇ. ಈ ತಡವನ್ನು ಕಣ್ಣಿಗೆ ಕಾಣುವ ಬೆಳಕು–ನೆರಳಿನ ವ್ಯತ್ಯಾಸವನ್ನಾಗಿ ಮಾರ್ಪಡಿಸುವ ವಿಧಾನವನ್ನು ಡಚ್ ಭೌತವಿಜ್ಞಾನಿ ಫ್ರಿಟ್ಸ್ ಜೆರ್ನಿಕೆ 1930ರ ದಶಕದಲ್ಲಿ ರೂಪಿಸಿದರು, ಅದಕ್ಕಾಗಿ 1953ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಕೋಶವು ವಿಭಜನೆಯಾಗುವುದನ್ನು, ತೆವಳುವುದನ್ನು ಅದರಿಂದ ನೇರವಾಗಿ ನೋಡಲು ಸಾಧ್ಯವಾಯಿತು. ಆದರೂ ಒಂದು ಕೋಶದಲ್ಲಿರುವ ಸಾವಿರಾರು ಬಗೆಯ ಪ್ರೋಟೀನುಗಳಲ್ಲಿ ನಮಗೆ ಬೇಕಾದ ಒಂದನ್ನು ಮಾತ್ರ ಗುರುತಿಸಲು ಅದು ಸಾಲದು.

ಆ ಕೆಲಸಕ್ಕೆ ಒದಗಿದ್ದು ಪ್ರತಿದೀಪ್ತಿ, ಅಂದರೆ ಫ್ಲೋರೊಸೆನ್ಸ್. ಕೆಲವು ಅಣುಗಳು ಕಡಿಮೆ ತರಂಗಾಂತರದ ಬೆಳಕನ್ನು ಹೀರಿಕೊಂಡು, ಕೆಲವೇ ನ್ಯಾನೋಸೆಕೆಂಡುಗಳ ಬಳಿಕ ಹೆಚ್ಚು ತರಂಗಾಂತರದ ಬೆಳಕನ್ನು ಹೊರಸೂಸುತ್ತವೆ. ನಾವು ಹಾಯಿಸಿದ ಬೆಳಕನ್ನು ಶೋಧಕದಿಂದ (ಫಿಲ್ಟರ್) ತಡೆದು, ಅಣು ಹೊರಸೂಸಿದ್ದನ್ನು ಮಾತ್ರ ಕ್ಯಾಮೆರಾಕ್ಕೆ ಬಿಟ್ಟರೆ ಕಪ್ಪು ಹಿನ್ನೆಲೆಯಲ್ಲಿ ಆ ಅಣುಗಳಷ್ಟೇ ಕಾಣಿಸುತ್ತವೆ. ಹಾಗಾಗಿ ಈ ಕ್ಷೇತ್ರದ ಕೆಲಸ ಎರಡು: ಕೋಶವನ್ನು ಕೊಲ್ಲದೆ ಬೇಕಾದ ಅಣುವಿಗೆ ಇಂತಹ ಬೆಳಕನ್ನು ಅಂಟಿಸುವುದು ಒಂದು, ಆ ಬೆಳಕು ಅಣುವಿನ ಸುತ್ತಲಿನ ಸ್ಥಿತಿಗೆ ತಕ್ಕಂತೆ ಬದಲಾಗುವ ಹಾಗೆ ಮಾಡುವುದು ಇನ್ನೊಂದು. ಮೊದಲನೆಯದು ಚಿತ್ರಣ, ಎರಡನೆಯದು ಸಂವೇದನೆ.

ಪ್ರಶ್ನೆ: ಪತ್ರಿಕೆಗಳಲ್ಲಿ ಬರುವ ಕೋಶದ ಚಿತ್ರಗಳಲ್ಲಿ ಕಡುಗೆಂಪು, ಹಸಿರು, ನೀಲಿ ಬಣ್ಣಗಳಿರುತ್ತವೆ. ಅವು ನಿಜವಾದ ಬಣ್ಣಗಳೇ?

ಉತ್ತರ: ಬಹುತೇಕ ಅಲ್ಲ. ಇಂತಹ ಸೂಕ್ಷ್ಮದರ್ಶಕಗಳ ಕ್ಯಾಮೆರಾಗಳು ಸಾಮಾನ್ಯವಾಗಿ ಬೆಳಕಿನ ಪ್ರಮಾಣವನ್ನು ಮಾತ್ರ ದಾಖಲಿಸುತ್ತವೆ. ಒಂದೊಂದು ಶೋಧಕದ ಮೂಲಕ ಒಂದೊಂದು ಕಪ್ಪು–ಬಿಳುಪು ಚಿತ್ರ ತೆಗೆದು, ಆಮೇಲೆ ಗಣಕಯಂತ್ರದಲ್ಲಿ ಅವಕ್ಕೆ ಬಣ್ಣ ಕೊಟ್ಟು ಒಂದರ ಮೇಲೊಂದು ಕೂರಿಸುತ್ತಾರೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ನೇರಳೆ ಎಂದೋ ಕೆಂಪು ಎಂದೋ ತೋರಿಸಲು ಅಡ್ಡಿಯಿಲ್ಲ. ಇದು ವಂಚನೆಯಲ್ಲ, ಒಪ್ಪಿತವಾದ ಪದ್ಧತಿ. ಗಮನಿಸಬೇಕಾದದ್ದು ಬೇರೆ: ಎರಡು ಚಿತ್ರಗಳನ್ನು ಹೋಲಿಸುವಾಗ ಎರಡಕ್ಕೂ ಒಂದೇ ಬೆಳಕಿನ ಮಟ್ಟ, ಒಂದೇ ಹೊಳಪಿನ ಅಳತೆಪಟ್ಟಿ ಬಳಸಿದ್ದಾರೆಯೇ ಎಂದು ಚಿತ್ರದ ಅಡಿಬರಹದಲ್ಲಿ ನೋಡಿ. ಆ ವಿವರವಿಲ್ಲದ ಹೋಲಿಕೆಯನ್ನು ನಂಬಲು ಆಧಾರವಿಲ್ಲ.

ಪ್ರಶ್ನೆ: ಜೆಲ್ಲಿ ಮೀನಿನ ಹಸಿರು ಪ್ರೋಟೀನಿಗೆ ನೊಬೆಲ್ ಪ್ರಶಸ್ತಿ ಬಂದಿತೆಂದು ಓದಿದೆ. ಹೊಳೆಯುವ ವಸ್ತುಗಳು ಬೇಕಾದಷ್ಟಿರುವಾಗ ಇದಕ್ಕೇಕೆ ಇಷ್ಟು ಮಹತ್ವ?

ಉತ್ತರ: ಒಸಾಮು ಶಿಮೊಮುರಾ ಅವರು ಅಮೆರಿಕದ ವಾಷಿಂಗ್ಟನ್ ರಾಜ್ಯದ ಫ್ರೈಡೇ ಹಾರ್ಬರ್‌ನಲ್ಲಿ ಹಿಡಿದ ಈಕ್ವೋರಿಯ ವಿಕ್ಟೋರಿಯ ಎಂಬ ಜೆಲ್ಲಿ ಮೀನುಗಳಿಂದ ಬೇರ್ಪಡಿಸಿದ ಎರಡು ಪ್ರೋಟೀನುಗಳ ವಿವರ 1962ರಲ್ಲಿ ಪ್ರಕಟವಾಯಿತು. ಒಂದು ಈಕ್ವೋರಿನ್, ಕ್ಯಾಲ್ಸಿಯಂ ತಾಗಿದಾಗ ಅದು ನೀಲಿ ಬೆಳಕು ಚೆಲ್ಲುತ್ತದೆ. ಇನ್ನೊಂದು ಆ ನೀಲಿಯನ್ನು ಪಡೆದು ಹಸಿರಾಗಿ ಹೊರಸೂಸುವ ಪ್ರೋಟೀನು. ಅದನ್ನೇ ಈಗ ಜಿಎಫ್‌ಪಿ ಎನ್ನುತ್ತೇವೆ. ಆಗ ಮುಖ್ಯವೆನಿಸಿದ್ದು ಈಕ್ವೋರಿನ್. ಹಸಿರು ಪ್ರೋಟೀನಿನ ಉಪಯೋಗ ಗೊತ್ತಾಗಲು ಮೂರು ದಶಕಗಳು ಬೇಕಾದವು.

1992ರಲ್ಲಿ ಡಗ್ಲಸ್ ಪ್ರಾಶರ್ ಅದರ ವಂಶವಾಹಿಯನ್ನು ಪ್ರತ್ಯೇಕಿಸಿದರು. 1994ರಲ್ಲಿ ಮಾರ್ಟಿನ್ ಚಾಲ್ಫಿ ಆ ವಂಶವಾಹಿಯನ್ನು ಬ್ಯಾಕ್ಟೀರಿಯಾಕ್ಕೂ ಪುಟ್ಟ ದುಂಡುಹುಳುವೊಂದಕ್ಕೂ ಸೇರಿಸಿದಾಗ ಅವು ಹಸಿರಾಗಿ ಹೊಳೆದವು. ಅಚ್ಚರಿಯ ಸಂಗತಿ ಇರುವುದು ಇಲ್ಲಿಯೇ. ಬೆಳಕು ಸೂಸುವ ಭಾಗವನ್ನು ರೂಪಿಸಲು ಜೆಲ್ಲಿ ಮೀನಿನದೇ ಆದ ಬೇರೆ ಕಿಣ್ವಗಳು ಬೇಕಾಗಬಹುದೆಂದು ಹಲವರು ಎಣಿಸಿದ್ದರು. ಆದರೆ ಪ್ರೋಟೀನು ತಾನೇ ಮಡಚಿಕೊಂಡು, ತನ್ನ ಸರಪಳಿಯ 65, 66, 67ನೆಯ ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಬೆಸೆದು, ಬೆಳಕಿನ ಕೇಂದ್ರವನ್ನು ತನ್ನೊಳಗೇ ಕಟ್ಟಿಕೊಳ್ಳುತ್ತದೆ. ಹೊರಗಿನಿಂದ ಅದಕ್ಕೆ ಬೇಕಾದದ್ದು ಆಮ್ಲಜನಕ ಮಾತ್ರ. 238 ಅಮೈನೋ ಆಮ್ಲಗಳ ಈ ಪ್ರೋಟೀನಿನ ಹನ್ನೊಂದು ಪಟ್ಟಿಗಳು ಸುತ್ತಲೂ ನಿಂತು ಸುಮಾರು 4.2 ನ್ಯಾನೋಮೀಟರ್ ಎತ್ತರದ ಕೊಳವೆಯಂತಾಗಿ, ನಡುವಿನ ಬೆಳಕಿನ ಕೇಂದ್ರವನ್ನು ನೀರಿನಿಂದ ಕಾಪಾಡುತ್ತವೆ.

ಇದರ ಅರ್ಥವನ್ನು ಯೋಚಿಸಿ. ರಾಸಾಯನಿಕ ಬಣ್ಣವನ್ನು ಹೊರಗಿನಿಂದ ಹಾಕಬೇಕು. ಅದು ಎಲ್ಲೆಲ್ಲಿ ಅಂಟುತ್ತದೆ ಎಂಬುದು ಪೂರ್ತಿ ನಮ್ಮ ಹಿಡಿತದಲ್ಲಿರುವುದಿಲ್ಲ. ಜಿಎಫ್‌ಪಿಯ ವಂಶವಾಹಿಯನ್ನು ಬೇಕಾದ ಪ್ರೋಟೀನಿನ ವಂಶವಾಹಿಗೆ ಜೋಡಿಸಿಬಿಟ್ಟರೆ ಕೋಶವೇ ಆ ಪ್ರೋಟೀನನ್ನು ಬೆಳಕಿನ ಸಮೇತ ತಯಾರಿಸುತ್ತದೆ, ಮರಿಕೋಶಗಳೂ ಅದನ್ನೇ ಮುಂದುವರಿಸುತ್ತವೆ. ರೋಜರ್ ಚೆನ್ 1995ರಲ್ಲಿ ಒಂದೇ ಒಂದು ಅಮೈನೋ ಆಮ್ಲವನ್ನು ಬದಲಿಸಿ ಅದನ್ನು ಹೆಚ್ಚು ಪ್ರಖರವಾಗಿಸಿದರು, ಬಳಿಕ ನೀಲಿ, ಹಳದಿ ಮೊದಲಾದ ಬಣ್ಣಗಳ ಸಾಲನ್ನೇ ಸೃಷ್ಟಿಸಿದರು. ಕೆಂಪು ಮಾತ್ರ ಜೆಲ್ಲಿ ಮೀನಿನಿಂದ ದೊರೆಯಲಿಲ್ಲ. 1999ರಲ್ಲಿ ಹವಳದ ಬಳಗದ ಜೀವಿಯೊಂದರಲ್ಲಿ ಕೆಂಪು ಪ್ರೋಟೀನು ಸಿಕ್ಕಿತು, ಆದರೆ ಅದು ನಾಲ್ಕು ನಾಲ್ಕಾಗಿ ಗುಂಪುಗೂಡುತ್ತಿದ್ದುದರಿಂದ ಜೋಡಿಸಿದ ಪ್ರೋಟೀನನ್ನೂ ಮುದ್ದೆಗಟ್ಟಿಸುತ್ತಿತ್ತು. ಅದನ್ನು ಒಂಟಿಯಾಗಿರುವಂತೆ ತಿದ್ದಿ, 2004ರ ವೇಳೆಗೆ ಎಮ್‌ಚೆರಿ ಎಂಬ ಬಳಕೆಯೋಗ್ಯ ರೂಪಕ್ಕೆ ತಂದದ್ದೂ ಚೆನ್ ಅವರ ಪ್ರಯೋಗಾಲಯವೇ. 2008ರ ರಸಾಯನವಿಜ್ಞಾನದ ನೊಬೆಲ್ ಶಿಮೊಮುರಾ, ಚಾಲ್ಫಿ, ಚೆನ್ ಮೂವರಿಗೆ ಸಂದಿತು. ತಾವು ಪ್ರತ್ಯೇಕಿಸಿದ ವಂಶವಾಹಿಯನ್ನು ಚಾಲ್ಫಿ ಮತ್ತು ಚೆನ್ ಇಬ್ಬರಿಗೂ ಕೊಟ್ಟವರು ಪ್ರಾಶರ್; ಈ ಕಥೆ ಹೇಳುವಾಗಲೆಲ್ಲ ಅವರ ಹೆಸರನ್ನೂ ಹೇಳುವುದು ನ್ಯಾಯವೆಂದು ನಮ್ಮ ಭಾವನೆ.

ಒಂದು ಮಿತಿಯನ್ನು ಮರೆಯಬಾರದು. ಜಿಎಫ್‌ಪಿ ಚಿಕ್ಕದೇನಲ್ಲ, ಎಷ್ಟೋ ಸಲ ತಾನು ಅಂಟಿಕೊಂಡ ಪ್ರೋಟೀನಿನಷ್ಟೇ ದೊಡ್ಡದಾಗಿರುತ್ತದೆ, ಅದರ ನಡವಳಿಕೆಯನ್ನು ಬದಲಿಸಲೂಬಹುದು. ಕೋಶದ ಮೇಲ್ಮೈಯ ಸಕ್ಕರೆ ಸರಪಳಿಗಳಿಗಂತೂ ಅದನ್ನು ಜೋಡಿಸುವಂತಿಲ್ಲ, ಏಕೆಂದರೆ ಅವುಗಳಿಗೆ ನೇರವಾದ ವಂಶವಾಹಿಯೇ ಇಲ್ಲ. ಅಲ್ಲಿ ಕೆರೊಲಿನ್ ಬರ್ಟೋಜಿ ಅವರ ದಾರಿ ನೆರವಿಗೆ ಬಂತು. ಮೂರು ನೈಟ್ರೋಜನ್ ಪರಮಾಣುಗಳ ಅಜೈಡ್ ಎಂಬ ಪುಟ್ಟ ಗುಂಪನ್ನು ಹೊತ್ತ ಸಕ್ಕರೆಯನ್ನು ಕೋಶಕ್ಕೆ ಉಣಿಸಿ, ಅದು ಮೇಲ್ಮೈ ಸೇರಿದ ಮೇಲೆ ಅದರೊಡನೆ ಮಾತ್ರ ಕೂಡಿಕೊಳ್ಳುವ ಬಣ್ಣದ ಅಣುವನ್ನು ಸೇರಿಸುವುದು ಆ ವಿಧಾನ. 2022ರ ನೊಬೆಲ್‌ನಲ್ಲಿ ಅವರಿಗೂ ಪಾಲು ದೊರೆಯಿತು.

ಪ್ರಶ್ನೆ: ಪ್ರೋಟೀನು ಎಲ್ಲಿದೆ ಎಂದು ತೋರಿಸುವುದು ಅರ್ಥವಾಗುತ್ತದೆ. ಆದರೆ ಕ್ಯಾಲ್ಸಿಯಂ ಎಷ್ಟಿದೆ ಎಂದು ಬೆಳಕಿನಿಂದ ಅಳೆಯುವುದು ಹೇಗೆ? ಕ್ಯಾಲ್ಸಿಯಮ್ಮನ್ನೇ ಏಕೆ ಇಷ್ಟೊಂದು ಅಳೆಯುತ್ತಾರೆ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇವೆ. ವಿಶ್ರಾಂತ ಕೋಶದ ದ್ರವದಲ್ಲಿ ಬಿಡಿಯಾದ ಕ್ಯಾಲ್ಸಿಯಂ ಅಯಾನಿನ ಸಾಂದ್ರತೆ ಸುಮಾರು 100 ನ್ಯಾನೋಮೋಲಾರ್. ಕೋಶದ ಹೊರಗೆ ಒಂದರಿಂದ ಎರಡು ಮಿಲಿಮೋಲಾರ್, ಅಂದರೆ ಹತ್ತು ಸಾವಿರ ಪಟ್ಟಿಗೂ ಹೆಚ್ಚು. ಇಷ್ಟು ದೊಡ್ಡ ಅಂತರವನ್ನು ಕಾಯ್ದುಕೊಳ್ಳಲು ಕೋಶ ಸದಾ ಶಕ್ತಿ ವ್ಯಯಿಸುತ್ತದೆ. ಅದರ ಫಲವೆಂದರೆ, ಪೊರೆಯ ಬಾಗಿಲುಗಳು ಕ್ಷಣಕಾಲ ತೆರೆದರೂ ಒಳಗಿನ ಮಟ್ಟ ಥಟ್ಟನೆ ಏರಿ ಸ್ಪಷ್ಟವಾದ ಸಂಕೇತವಾಗುತ್ತದೆ. ಸ್ನಾಯು ಸಂಕುಚಿಸುವುದು, ನರದ ತುದಿಯಿಂದ ರಾಸಾಯನಿಕ ಹೊರಬೀಳುವುದು, ಫಲಿತಗೊಂಡ ಅಂಡವು ಬೆಳೆಯತೊಡಗುವುದು ಎಲ್ಲವೂ ಈ ಸಂಕೇತದಿಂದಲೇ. ಹಾಗಾಗಿ ಕ್ಯಾಲ್ಸಿಯಂ ತಿಳಿದರೆ ಕೋಶ ಏನು ಮಾಡಲು ಹೊರಟಿದೆ ಎಂಬುದರ ಸುಳಿವು ಸಿಗುತ್ತದೆ.

ಅಳೆಯುವ ಕಥೆ ಈಕ್ವೋರಿನ್‌ನಿಂದಲೇ ಆರಂಭವಾಗುತ್ತದೆ. 1967ರಲ್ಲಿ ರಿಡ್ಜ್‌ವೇ ಮತ್ತು ಆಶ್ಲಿ ಎಂಬ ಸಂಶೋಧಕರು ಸಮುದ್ರದ ಬಂಡೆಗಳಿಗೆ ಅಂಟಿ ಬದುಕುವ ಬಾರ್ನಕಲ್ ಎಂಬ ಜೀವಿಯ ಬೃಹತ್ ಸ್ನಾಯುತಂತುವಿಗೆ ಅದನ್ನು ಚುಚ್ಚಿ, ಸಂಕೋಚನದ ವೇಳೆ ಬೆಳಕು ಹೊಮ್ಮುವುದನ್ನು ದಾಖಲಿಸಿದರು. ಆದರೆ ಅದರ ಬೆಳಕು ಬಲು ಮಂದ. ಒಂದು ಅಣು ಒಮ್ಮೆ ಬೆಳಗಿದರೆ ಅದರ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಮೇಲಾಗಿ ಸಾಮಾನ್ಯ ಕೋಶಗಳು ಸೂಜಿ ಚುಚ್ಚುವುದನ್ನು ಸಹಿಸುವಷ್ಟು ದೊಡ್ಡವಲ್ಲ.

ರೋಜರ್ ಚೆನ್ ಅವರ ಪ್ರತಿಭೆ ಮೊದಲು ಬೆಳಗಿದ್ದು ಈ ತೊಡಕಿನಲ್ಲಿಯೇ. ಕ್ಯಾಲ್ಸಿಯಮ್ಮನ್ನು ಹಿಡಿಯುವ ಅಣುವಿಗೆ ಋಣ ವಿದ್ಯುದಂಶವಿರಬೇಕು, ಋಣ ವಿದ್ಯುದಂಶವಿರುವ ಅಣು ಕೋಶಪೊರೆಯನ್ನು ದಾಟಲಾರದು. 1981ರಲ್ಲಿ ಅವರು ಆ ವಿದ್ಯುದಂಶಗಳನ್ನು ಎಸ್ಟರ್ ಗುಂಪುಗಳಿಂದ ಮುಚ್ಚಿದರು. ಮುಚ್ಚಿದ ಅಣು ಪೊರೆಯ ಮೂಲಕ ತಾನಾಗಿ ಒಳಸೇರುತ್ತದೆ, ಒಳಗಿನ ಕಿಣ್ವಗಳು ಮುಚ್ಚಳಗಳನ್ನು ಕತ್ತರಿಸಿಹಾಕುತ್ತವೆ, ಅಣು ಅಲ್ಲಿಯೇ ಸೆರೆಯಾಗುತ್ತದೆ. ನಾಲ್ಕು ವರ್ಷಗಳ ನಂತರ, 1985ರಲ್ಲಿ, ಫ್ಯೂರಾ–2 ಬಂತು. ಕ್ಯಾಲ್ಸಿಯಂ ಹಿಡಿದ ಫ್ಯೂರಾ–2 ಅಣು 340 ನ್ಯಾನೋಮೀಟರ್ ಬೆಳಕಿಗೆ ಹೆಚ್ಚು ಹೊಳೆಯುತ್ತದೆ, ಹಿಡಿಯದ ಅಣು 380 ನ್ಯಾನೋಮೀಟರ್ ಬೆಳಕಿಗೆ ಹೆಚ್ಚು ಹೊಳೆಯುತ್ತದೆ. ಎರಡೂ ಬೆಳಕುಗಳನ್ನು ಒಂದಾದ ಮೇಲೊಂದು ಹಾಯಿಸಿ ಬಂದ ಹೊಳಪುಗಳ ಅನುಪಾತ ತೆಗೆದರೆ, ಕೋಶ ದಪ್ಪಗಿದೆಯೇ ತೆಳ್ಳಗಿದೆಯೇ, ಒಳಗೆ ಸೇರಿದ ಬಣ್ಣ ಹೆಚ್ಚೋ ಕಡಿಮೆಯೋ ಎಂಬ ಅಂಶಗಳು ಬಹುಮಟ್ಟಿಗೆ ಕಳೆದುಹೋಗಿ ಕ್ಯಾಲ್ಸಿಯಂ ಮಾತ್ರ ಉಳಿಯುತ್ತದೆ. ಈ ಅನುಪಾತದ ಉಪಾಯ ಇಡೀ ಕ್ಷೇತ್ರದ ಅತ್ಯಂತ ಬೆಲೆಬಾಳುವ ಕಲ್ಪನೆಗಳಲ್ಲಿ ಒಂದೆಂದು ನಾವು ಎಣಿಸುತ್ತೇವೆ.

ಮುಂದಿನ ಹೆಜ್ಜೆ ಸಂವೇದಕವನ್ನೂ ವಂಶವಾಹಿಯಾಗಿಸುವುದು. ಕೋಶದಲ್ಲಿ ಸಹಜವಾಗಿರುವ ಕ್ಯಾಲ್ಮಾಡ್ಯುಲಿನ್ ಎಂಬ ಪ್ರೋಟೀನು ಕ್ಯಾಲ್ಸಿಯಂ ಹಿಡಿದೊಡನೆ ಆಕಾರ ಬದಲಿಸಿ ಎಮ್13 ಎಂಬ ಚಿಕ್ಕ ಸರಪಳಿಯನ್ನು ಅಪ್ಪಿಕೊಳ್ಳುತ್ತದೆ. 1997ರಲ್ಲಿ ಅತ್ಸುಶಿ ಮಿಯಾವಾಕಿ ಮತ್ತು ಚೆನ್ ಅವರ ತಂಡ ಇವೆರಡನ್ನೂ ನಡುವೆ ಇಟ್ಟು, ಆ ಕಡೆ ಈ ಕಡೆ ಎರಡು ಬಣ್ಣದ ಪ್ರತಿದೀಪ್ತ ಪ್ರೋಟೀನುಗಳನ್ನು ಜೋಡಿಸಿತು. ಎರಡು ಹೊಳೆಯುವ ಅಣುಗಳು ಹತ್ತು ನ್ಯಾನೋಮೀಟರ್‌ಗಿಂತ ಹತ್ತಿರವಿದ್ದಾಗ ಒಂದರ ಶಕ್ತಿ ಬೆಳಕಾಗದೆ ನೇರವಾಗಿ ಇನ್ನೊಂದಕ್ಕೆ ವರ್ಗವಾಗುತ್ತದೆ. ಈ ವರ್ಗಾವಣೆಯ ವೇಗ ದೂರದ ಆರನೆಯ ಘಾತಕ್ಕೆ ವಿಲೋಮವಾಗಿರುತ್ತದೆಂದು ಥಿಯೊಡೋರ್ ಫ್ಯೋರ್ಸ್ಟರ್ 1940ರ ದಶಕದಲ್ಲಿಯೇ ವಿವರಿಸಿದ್ದರು. ಆದುದರಿಂದ ಕ್ಯಾಲ್ಸಿಯಂ ಬಂದು ಎರಡು ತುದಿಗಳು ತುಸು ಹತ್ತಿರವಾದರೂ ಹೊರಬರುವ ಬೆಳಕಿನ ಬಣ್ಣ ಬದಲಾಗುತ್ತದೆ.

2001ರಲ್ಲಿ ಜಪಾನಿನ ಜುನಿಚಿ ನಕಾಯ್ ಮತ್ತು ಸಂಗಡಿಗರು ಇನ್ನೂ ದಿಟ್ಟವಾದ ರಚನೆಯನ್ನು ಮುಂದಿಟ್ಟರು. ಜಿಎಫ್‌ಪಿಯ ಸಹಜ ತುದಿಗಳೆರಡನ್ನು ಬೆಸೆದು, ಬೆಳಕಿನ ಕೇಂದ್ರದ ಬಳಿ ಹೊಸ ತುದಿಗಳನ್ನು ಕತ್ತರಿಸಿ, ಅಲ್ಲಿ ಕ್ಯಾಲ್ಮಾಡ್ಯುಲಿನ್ ಮತ್ತು ಎಮ್13 ಜೋಡಿಸಿದರು. ಕ್ಯಾಲ್ಸಿಯಂ ಇಲ್ಲದಾಗ ಕೊಳವೆಯ ಗೋಡೆಯಲ್ಲಿ ಬಿರುಕಿದ್ದಂತಾಗಿ ಹೊಳಪು ಕುಂದಿರುತ್ತದೆ, ಕ್ಯಾಲ್ಸಿಯಂ ಬಂದಾಗ ಬಿರುಕು ಮುಚ್ಚಿ ಹೊಳಪು ಏರುತ್ತದೆ. ಜಿ–ಕ್ಯಾಂಪ್ ಎಂಬ ಈ ಸಂವೇದಕವನ್ನು ತಿದ್ದುತ್ತ ತಿದ್ದುತ್ತ 2013ರಲ್ಲಿ ಬಂದ ಆರನೆಯ ಪೀಳಿಗೆಯು ಜೀವಂತ ಇಲಿಯ ಮಿದುಳಿನ ನರಕೋಶದ ಒಂದೊಂದೇ ವಿದ್ಯುತ್ ಮಿಡಿತವನ್ನೂ ತೋರಿಸುವಷ್ಟು ಸೂಕ್ಷ್ಮವಾಯಿತು. ಬೇಕಾದ ಬಗೆಯ ನರಕೋಶದಲ್ಲಷ್ಟೇ ಅದನ್ನು ಇರಿಸಬಹುದು, ಅದೇ ಕೋಶಗಳನ್ನು ವಾರಗಟ್ಟಲೆ ಮತ್ತೆ ಮತ್ತೆ ನೋಡಬಹುದು. ಇದೇ ಬಗೆಯ ರಚನೆಯಿಂದ ಗ್ಲುಟಮೇಟ್, ಎಟಿಪಿ, ಹೈಡ್ರೋಜನ್ ಪೆರಾಕ್ಸೈಡ್, ಡೋಪಮಿನ್ ಮೊದಲಾದವುಗಳಿಗೂ ಸಂವೇದಕಗಳು ಬಂದಿವೆ.

ಪ್ರಶ್ನೆ: ನಾನು ಸಂಶೋಧನಾ ವಿದ್ಯಾರ್ಥಿನಿ. ಜಿ–ಕ್ಯಾಂಪ್ ಇರುವ ಕೋಶಗಳಿಗೆ ಒಂದು ಔಷಧಿ ಹಾಕಿದಾಗ ಹೊಳಪು ಹೆಚ್ಚಿತು. ಕ್ಯಾಲ್ಸಿಯಂ ಏರಿತೆಂದು ಬರೆಯಬಹುದೇ?

ಉತ್ತರ: ಈಗಲೇ ಬರೆಯಬೇಡಿ. ನೀವು ಕಂಡದ್ದು ಹೊಳಪು ಹೆಚ್ಚಿದ್ದನ್ನು. ಕ್ಯಾಲ್ಸಿಯಂ ಏರಿದ್ದು ಅದಕ್ಕಿರುವ ಕಾರಣಗಳಲ್ಲಿ ಒಂದು ಮಾತ್ರ. ಬಹುಶಃ ಅದೇ ನಿಜವಾದ ಕಾರಣವಿರಬಹುದು, ಆದರೆ ಉಳಿದವನ್ನು ನೀವೇ ಒಂದೊಂದಾಗಿ ತಳ್ಳಿಹಾಕಬೇಕು. ನಿಮ್ಮ ಪ್ರಶ್ನೆ ಈ ತಿಂಗಳು ಬಂದವುಗಳಲ್ಲೆಲ್ಲ ಮುಖ್ಯವಾದದ್ದೆಂದು ನಮಗೆ ಅನಿಸಿದ್ದರಿಂದ ತುಸು ವಿವರವಾಗಿಯೇ ಬರೆಯುತ್ತೇವೆ.

ಮೊದಲು ಆಮ್ಲೀಯತೆಯನ್ನು ಗಮನಿಸಿ. ಜಿಎಫ್‌ಪಿಯಿಂದ ಮಾಡಿದ ಹೆಚ್ಚಿನ ಸಂವೇದಕಗಳ ಹೊಳಪು ಪಿಎಚ್ ಬದಲಾದರೂ ಬದಲಾಗುತ್ತದೆ. ಬೆಳಕಿನ ಕೇಂದ್ರದ ಬಳಿ ಗೋಡೆ ತೆರೆದಿರುವ ರಚನೆಗಳಲ್ಲಿ ಇದು ಇನ್ನೂ ಹೆಚ್ಚು. ನಿಮ್ಮ ಔಷಧಿ ಕೋಶದ ಪಿಎಚ್ ಅನ್ನು ತುಸು ಏರಿಸಿದರೂ ಸಾಕು, ಕ್ಯಾಲ್ಸಿಯಂ ಕದಲದಿದ್ದರೂ ಹೊಳಪು ಹೆಚ್ಚೀತು. ಇದು ಬರಿಯ ಊಹೆಯಲ್ಲ. 2008ರಲ್ಲಿ ಇದೇ ಜಾತಿಯ ಹಳದಿ ಪ್ರೋಟೀನೊಂದನ್ನು ಬಳಸಿ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳಲ್ಲಿ ಸೂಪರ್‌ಆಕ್ಸೈಡ್ ಎಂಬ ಕ್ರಿಯಾಶೀಲ ಆಮ್ಲಜನಕ ಮಿಂಚಿನಂತೆ ಹೊಮ್ಮುವುದನ್ನು ಕಂಡೆವೆಂದು ಸಂಶೋಧಕರು ಪ್ರಕಟಿಸಿದರು. ಆ ಮಿಂಚುಗಳು ಪಿಎಚ್ ಬದಲಾವಣೆಯ ಫಲವೆಂದು ಬೇರೆ ತಂಡಗಳು ಪ್ರಯೋಗಗಳೊಡನೆ ವಾದಿಸಿದವು, ಆ ಚರ್ಚೆ ಪ್ರಮುಖ ನಿಯತಕಾಲಿಕಗಳಲ್ಲಿ ವರ್ಷಗಟ್ಟಲೆ ನಡೆಯಿತು. ಮಿಂಚುಗಳು ಇದ್ದವೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಅವು ಯಾವುದರ ಗುರುತು ಎಂಬುದೇ ಪ್ರಶ್ನೆಯಾಗಿತ್ತು. ಇದಕ್ಕೆ ಪರಿಹಾರವೆಂದರೆ ಕ್ಯಾಲ್ಸಿಯಂ ಹಿಡಿಯುವ ಜಾಗಗಳನ್ನು ಕೆಡಿಸಿದ ಆದರೆ ಮಿಕ್ಕೆಲ್ಲ ಹಾಗೆಯೇ ಇರುವ ನಿಷ್ಕ್ರಿಯ ಸಂವೇದಕವನ್ನು ಇನ್ನೊಂದು ತಟ್ಟೆಯ ಕೋಶಗಳಲ್ಲಿ ಇರಿಸಿ, ಅದೇ ಔಷಧಿ ಹಾಕಿ ನೋಡುವುದು. ಅದೂ ಹೊಳೆದರೆ ನಿಮ್ಮ ಸಂಕೇತ ಕ್ಯಾಲ್ಸಿಯಮ್ಮಿನದಲ್ಲ.

ಎರಡನೆಯದಾಗಿ, ಔಷಧಿಯೇ ಹೊಳೆಯುವ ವಸ್ತುವಾಗಿರಬಹುದು. ಸಂವೇದಕವೇ ಇಲ್ಲದ ಕೋಶಗಳಿಗೆ ಅದನ್ನು ಹಾಕಿದರೆ ಇದು ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ಕೋಶ ಉಬ್ಬಿ ಅಥವಾ ಕುಗ್ಗಿ ನಾಭಿತಲದಿಂದ, ಅಂದರೆ ಸೂಕ್ಷ್ಮದರ್ಶಕಕ್ಕೆ ಸ್ಪಷ್ಟವಾಗಿ ಕಾಣುವ ಮಟ್ಟದಿಂದ, ಸರಿದಿರಬಹುದು. ಜಿ–ಕ್ಯಾಂಪ್ ಒಂದೇ ಬಣ್ಣದ ಸಂವೇದಕವಾದ್ದರಿಂದ ಫ್ಯೂರಾ–2ರಂತೆ ಇದನ್ನು ತಾನಾಗಿ ಸರಿದೂಗಿಸಲಾರದು. ಜೊತೆಗೆ ಕ್ಯಾಲ್ಸಿಯಮ್ಮಿಗೆ ಪ್ರತಿಕ್ರಿಯಿಸದ ಕೆಂಪು ಪ್ರೋಟೀನೊಂದನ್ನು ಇರಿಸಿದರೆ ಅದರ ಹೊಳಪನ್ನು ಆಧಾರವಾಗಿ ಬಳಸಬಹುದು.

ಮೂರನೆಯದು ಹೆಚ್ಚಾಗಿ ಗಮನಕ್ಕೆ ಬಾರದ ಸಂಗತಿ. ಸಂವೇದಕವು ಕ್ಯಾಲ್ಸಿಯಮ್ಮನ್ನು ತೋರಿಸುವುದು ಅದನ್ನು ಹಿಡಿದುಕೊಳ್ಳುವ ಮೂಲಕವೇ. ಸಂವೇದಕ ಅತಿಯಾದರೆ ಕೋಶದ ಕ್ಯಾಲ್ಸಿಯಮ್ಮಿನ ಗಣನೀಯ ಭಾಗ ಅದರ ಕೈಯಲ್ಲಿಯೇ ಉಳಿದು, ಏರಿಕೆ ಕುಗ್ಗುತ್ತದೆ, ಇಳಿಕೆ ನಿಧಾನವಾಗುತ್ತದೆ. ಅತಿ ಪ್ರಖರವಾಗಿ ಹೊಳೆಯುವ ಕೋಶಗಳನ್ನು ಚಿತ್ರ ಚೆಂದ ಬರುತ್ತದೆಂದು ಆರಿಸಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಸಂವೇದಕದ ಹೊರೆಯಿಂದ ಹೆಚ್ಚು ಬಾಧಿತವಾದ ಕೋಶಗಳು ಅವೇ. ಕೋಶಕೇಂದ್ರವೂ ಹಸಿರಿನಿಂದ ತುಂಬಿದ್ದರೆ ಸಾಮಾನ್ಯವಾಗಿ ಅಂತಹ ಕೋಶವನ್ನು ಲೆಕ್ಕದಿಂದ ಬಿಡುವುದು ಒಳ್ಳೆಯದು.

ಕಾಲದ ವಿಚಾರದಲ್ಲಿಯೂ ಎಚ್ಚರ ಬೇಕು. ನರಕೋಶದ ಮಿಡಿತ ಒಂದೆರಡು ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ. ನಿಧಾನಗತಿಯ ಜಿ–ಕ್ಯಾಂಪ್ ರೂಪಗಳ ಹೊಳಪು ಆರಲು ಅದರ ನೂರಾರು ಪಟ್ಟು ಕಾಲ ಬೇಕು. ಬೆಳಕು ಎಷ್ಟು ಹೊತ್ತು ಇತ್ತೋ ಕ್ಯಾಲ್ಸಿಯಮ್ಮೂ ಅಷ್ಟು ಹೊತ್ತು ಮೇಲೇ ಇತ್ತೆಂದು ತಿಳಿಯಬಾರದು. ಕೊನೆಯಲ್ಲಿ, ಅದೇ ಕೋಶಗಳಿಗೆ ಪೊರೆಯ ಮೂಲಕ ಕ್ಯಾಲ್ಸಿಯಮ್ಮನ್ನು ಸಾಗಿಸುವ ಅಯೊನೊಮೈಸಿನ್ ಮತ್ತು ಕ್ಯಾಲ್ಸಿಯಂ ಕೊಟ್ಟು ಗರಿಷ್ಠ ಹೊಳಪನ್ನೂ, ಕ್ಯಾಲ್ಸಿಯಮ್ಮನ್ನು ಹಿಡಿದಿಡುವ ಇಜಿಟಿಎ ಹಾಕಿ ಕನಿಷ್ಠ ಹೊಳಪನ್ನೂ ದಾಖಲಿಸಿ. ನಿಮ್ಮ ಸಂಕೇತ ಇವೆರಡರ ನಡುವೆ ಎಲ್ಲಿ ನಿಲ್ಲುತ್ತದೆ ಎಂಬುದು ಗೊತ್ತಾಗುತ್ತದೆ. ಸಾಧ್ಯವಾದರೆ ಫ್ಯೂರಾ–2ರಂತಹ ಬೇರೆಯೇ ರಸಾಯನದ ಸಂವೇದಕದಲ್ಲಿ ಪ್ರಯೋಗವನ್ನು ಪುನರಾವರ್ತಿಸಿ. ಬೇರೆ ಬೇರೆ ದೌರ್ಬಲ್ಯಗಳಿರುವ ಎರಡು ಸಾಧನಗಳು ಒಂದೇ ಮಾತು ಹೇಳಿದಾಗ ನಿಮ್ಮ ವಾಕ್ಯವನ್ನು ನಿಶ್ಚಿಂತೆಯಿಂದ ಬರೆಯಬಹುದು.

ಪ್ರಶ್ನೆ: 200 ನ್ಯಾನೋಮೀಟರ್‌ಗಿಂತ ಚಿಕ್ಕದನ್ನು ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಲಾಗದು ಎಂಬ ನಿಯಮ ಮುರಿದುಬಿದ್ದಿದೆಯೇ?

ಉತ್ತರ: ನಿಯಮ ಹಾಗೆಯೇ ಇದೆ, ಅದನ್ನು ಬಳಸಿ ಹೋಗುವ ದಾರಿ ಸಿಕ್ಕಿದೆ. ಅರ್ನ್‌ಸ್ಟ್ ಅಬ್ಬೆ 1873ರಲ್ಲಿ ಹೇಳಿದಂತೆ, ಎರಡು ಬಿಂದುಗಳ ನಡುವಿನ ಅಂತರ ಬೆಳಕಿನ ತರಂಗಾಂತರದ ಸುಮಾರು ಅರ್ಧಕ್ಕಿಂತ ಕಡಿಮೆಯಾದರೆ ಅವೆರಡೂ ಕಲೆತು ಒಂದೇ ಮಸುಕಾಗಿ ಕಾಣುತ್ತವೆ. ಆದರೆ ಇದು ಎರಡೂ ಒಟ್ಟಿಗೆ ಹೊಳೆಯುವಾಗಿನ ಮಾತು. ಸ್ಟೆಫಾನ್ ಹೆಲ್ 1994ರಲ್ಲಿ ಸೂಚಿಸಿದ ಸ್ಟೆಡ್ ವಿಧಾನದಲ್ಲಿ, ನಡುವೆ ತೂತಿರುವ ಉಂಗುರದಾಕಾರದ ಎರಡನೆಯ ಲೇಸರ್ ಸುತ್ತಲಿನ ಅಣುಗಳನ್ನು ಬೆಳಗದಂತೆ ತಡೆಯುತ್ತದೆ, ನಡುವಿನ ಚಿಕ್ಕ ಜಾಗ ಮಾತ್ರ ಹೊಳೆಯುತ್ತದೆ. 2006ರಲ್ಲಿ ಎರಿಕ್ ಬೆಟ್ಜಿಗ್ ಮತ್ತು ಶಾವೊವೆಯ್ ಜುವಾಂಗ್ ಅವರ ತಂಡಗಳು ಬೇರೆ ಬೇರೆಯಾಗಿ ಇನ್ನೊಂದು ದಾರಿ ತೋರಿಸಿದವು: ಒಮ್ಮೆಗೆ ಕೆಲವೇ ಅಣುಗಳು ಬೆಳಗುವಂತೆ ಮಾಡಿ, ಪ್ರತಿ ಮಸುಕಿನ ನಡುಬಿಂದುವನ್ನು ಲೆಕ್ಕಹಾಕಿ, ಸಾವಿರಾರು ಚೌಕಟ್ಟುಗಳಿಂದ ಪೂರ್ಣ ಚಿತ್ರವನ್ನು ಕಟ್ಟುವುದು. ಬೆಟ್ಜಿಗ್, ಹೆಲ್ ಹಾಗೂ ಒಂಟಿ ಅಣುವನ್ನು ಬೆಳಕಿನಿಂದ ಮೊದಲು ಪತ್ತೆಹಚ್ಚಿದ ವಿಲಿಯಮ್ ಮೋರ್ನರ್ 2014ರ ರಸಾಯನವಿಜ್ಞಾನದ ನೊಬೆಲ್ ಪಡೆದರು.

ಜೀವಂತ ಕೋಶದಲ್ಲಿ ಮಾತ್ರ ಈ ವಿಧಾನಗಳನ್ನು ವಿವೇಚನೆಯಿಂದ ಬಳಸಬೇಕು. ಸಾವಿರಾರು ಚೌಕಟ್ಟುಗಳು ಮುಗಿಯುವುದರೊಳಗೆ ನೋಡುತ್ತಿದ್ದ ವಸ್ತುವೇ ಜಾಗ ಬಿಟ್ಟಿರಬಹುದು. ಒಂದು ಪ್ರತಿದೀಪ್ತ ಅಣು ಶಾಶ್ವತವಾಗಿ ಆರುವ ಮುನ್ನ ಕೊಡಬಲ್ಲ ಫೋಟಾನುಗಳಿಗೂ, ಅಂದರೆ ಬೆಳಕಿನ ಕಣಗಳಿಗೂ, ಮಿತಿಯಿದೆ. ಇದು ನಿಗದಿತ ಸಂಬಳದಲ್ಲಿ ಮನೆ ನಡೆಸಿದಂತೆ: ಸ್ಪಷ್ಟತೆಗೆ ಹೆಚ್ಚು ವೆಚ್ಚ ಮಾಡಿದರೆ ವೇಗಕ್ಕೂ ವೀಕ್ಷಣೆಯ ಅವಧಿಗೂ ಉಳಿಯುವುದು ಕಡಿಮೆ. ಒಂದು ಪ್ರೋಟೀನು ಕೋಶಕೇಂದ್ರವನ್ನು ಯಾವಾಗ ಸೇರುತ್ತದೆ ಎಂಬ ಪ್ರಶ್ನೆಗೆ ಸಾಧಾರಣ ಸೂಕ್ಷ್ಮದರ್ಶಕವೇ ಸಾಕು, ಅಲ್ಲಿ 20 ನ್ಯಾನೋಮೀಟರ್ ಸ್ಪಷ್ಟತೆಯನ್ನು ಬಯಸುವುದು ಅಪವ್ಯಯ.

ಪ್ರಶ್ನೆ: ನಾವು ಹಾಯಿಸುವ ಬೆಳಕಿನಿಂದಲೇ ಕೋಶಕ್ಕೆ ಹಾನಿಯಾಗುವುದಿಲ್ಲವೇ?

ಉತ್ತರ: ಖಂಡಿತ ಆಗುತ್ತದೆ. ಭೂಮಿಯ ಮೇಲೆ ಬೀಳುವ ಪ್ರಖರ ಬಿಸಿಲು ಚದರ ಸೆಂಟಿಮೀಟರಿಗೆ ಸುಮಾರು 0.1 ವ್ಯಾಟ್, ಕೇಂದ್ರೀಕರಿಸಿದ ಲೇಸರಿನ ಬಿಂದುವಿನಲ್ಲಿ ಅದು ಸಾವಿರಾರು ಪಟ್ಟಿಗೂ ಮಿಗಿಲಾಗಬಹುದು. ಬೆಳಕು ಹೀರಿದ ಅಣುಗಳು ಆಮ್ಲಜನಕದೊಡನೆ ವರ್ತಿಸಿ ಉಗ್ರವಾದ ರಾಸಾಯನಿಕಗಳನ್ನು ಉಂಟುಮಾಡುತ್ತವೆ, ಅವು ಪೊರೆಗಳನ್ನೂ ಡಿಎನ್‌ಎಯನ್ನೂ ಕೆಡಿಸುತ್ತವೆ. ನೇರಳಾತೀತ ಮತ್ತು ನೀಲಿ ಬೆಳಕಿನಲ್ಲಿ ಇದು ಹೆಚ್ಚು. ಕೋಶ ಕಣ್ಣೆದುರೇ ಸಾಯದೆ ಇರಬಹುದು; ವಿಭಜನೆ ತಡವಾಗುವುದು, ಮೈಟೊಕಾಂಡ್ರಿಯಗಳು ತುಂಡುತುಂಡಾಗುವುದು ಇಂತಹ ಸೂಕ್ಷ್ಮ ಬದಲಾವಣೆಗಳಾಗಿ, ಅವನ್ನೇ ಸಹಜ ಸ್ಥಿತಿಯೆಂದು ನಾವು ದಾಖಲಿಸಿಬಿಡುವ ಅಪಾಯವಿದೆ. ಅದಕ್ಕಾಗಿಯೇ ಬೆಳಕು ತಾಗಿಸದ ಕೋಶಗಳನ್ನು ಅದೇ 37 ಡಿಗ್ರಿ ಶಾಖದಲ್ಲಿ, ಅದೇ ಇಂಗಾಲದ ಡೈ ಆಕ್ಸೈಡ್ ಮಟ್ಟದಲ್ಲಿ ಪಕ್ಕದಲ್ಲಿರಿಸಿ ಹೋಲಿಸಬೇಕು.

ಹಾನಿ ಕಡಿಮೆ ಮಾಡಲು ಎರಡು ಉಪಾಯಗಳು ಹೆಚ್ಚು ಫಲ ಕೊಟ್ಟಿವೆ. ಒಂದು, ಬೆಳಕನ್ನು ಪಕ್ಕದಿಂದ ತೆಳುವಾದ ಹಾಳೆಯಂತೆ ಹಾಯಿಸಿ, ನೋಡುತ್ತಿರುವ ಪದರವನ್ನು ಮಾತ್ರ ಬೆಳಗುವುದು. 1903ರಲ್ಲಿ ಸೀಡೆನ್‌ಟಾಫ್ ಮತ್ತು ಜಿಗ್ಮಂಡಿ ಇದನ್ನು ಗಾಜಿನೊಳಗಿನ ಚಿನ್ನದ ಕಣಗಳನ್ನು ನೋಡಲು ಬಳಸಿದ್ದರು. 2004ರಲ್ಲಿ ಅದು ಬೆಳೆಯುತ್ತಿರುವ ಭ್ರೂಣಗಳನ್ನು ಗಮನಿಸುವ ಸಾಧನವಾಗಿ ಮರುಹುಟ್ಟು ಪಡೆಯಿತು. ಇನ್ನೊಂದು, ಎರಡು ಫೋಟಾನುಗಳ ವಿಧಾನ. ಅವಕೆಂಪಿನ ಎರಡು ಫೋಟಾನುಗಳನ್ನು ಅಣು ಏಕಕಾಲಕ್ಕೆ ಹೀರಬಲ್ಲದೆಂದು ಮಾರಿಯಾ ಗೊಪರ್ಟ್ ಮೇಯರ್ 1931ರಲ್ಲಿ ಸೈದ್ಧಾಂತಿಕವಾಗಿ ತೋರಿಸಿದ್ದರು, 1990ರಲ್ಲಿ ಡೆಂಕ್, ಸ್ಟ್ರಿಕ್ಲರ್, ವೆಬ್ ಅದನ್ನು ಸೂಕ್ಷ್ಮದರ್ಶಕಕ್ಕೆ ಅಳವಡಿಸಿದರು. ಬೆಳಕು ಅತಿ ದಟ್ಟವಾಗಿರುವ ನಾಭಿಯಲ್ಲಿ ಮಾತ್ರ ಪ್ರತಿದೀಪ್ತಿ ಹುಟ್ಟುತ್ತದೆ, ಅವಕೆಂಪು ಅಂಗಾಂಶದಲ್ಲಿ ಹೆಚ್ಚು ಆಳಕ್ಕೂ ಇಳಿಯುತ್ತದೆ. ಮಿದುಳಿನಲ್ಲಿ ಅರ್ಧ ಮಿಲಿಮೀಟರ್ ಅಥವಾ ಇನ್ನೂ ಹೆಚ್ಚು ಆಳದ ನರಕೋಶಗಳನ್ನು ಕಾಣಲು ಸಾಧ್ಯವಾಗಿರುವುದು ಇದರಿಂದಲೇ.

ಪ್ರಶ್ನೆ: ಏನನ್ನೂ ಅಂಟಿಸದೆ ಅಣುಗಳನ್ನು ಗುರುತಿಸಲು ಸಾಧ್ಯವೇ?

ಉತ್ತರ: ಸಾಧ್ಯ, ಮಿತಿಗಳೊಡನೆ. ಸಿ. ವಿ. ರಾಮನ್ 1928ರಲ್ಲಿ ಕಂಡುಹಿಡಿದ ಪರಿಣಾಮವೇ ಇದಕ್ಕೆ ಬುನಾದಿ. ಅಣುವಿನಿಂದ ಚದರಿದ ಬೆಳಕಿನ ಅತ್ಯಲ್ಪ ಪಾಲು ಅದರ ಬಂಧಗಳ ಕಂಪನಕ್ಕೆ ತಕ್ಕಂತೆ ತರಂಗಾಂತರ ಬದಲಿಸಿಕೊಳ್ಳುತ್ತದೆ; ಕೊಬ್ಬು, ಪ್ರೋಟೀನು, ನೀರು ಒಂದೊಂದಕ್ಕೂ ಅದರದೇ ಮುದ್ರೆಯಿದೆ. ಸಹಜ ರಾಮನ್ ಸಂಕೇತ ತೀರ ದುರ್ಬಲವಾದುದರಿಂದ ಚಲಿಸುವ ಕೋಶಕ್ಕೆ ಒಗ್ಗುತ್ತಿರಲಿಲ್ಲ. ಎರಡು ಲೇಸರುಗಳಿಂದ ಅದನ್ನು ಪ್ರಚೋದಿಸುವ ವಿಧಾನವನ್ನು 2008ರಲ್ಲಿ ಸನ್ನಿ ಶಿ ಅವರ ತಂಡ ಜೈವಿಕ ಚಿತ್ರಣಕ್ಕೆ ಬಳಸಿದ ಮೇಲೆ ಕೋಶದೊಳಗಿನ ಕೊಬ್ಬಿನ ಹನಿಗಳನ್ನು ಯಾವ ಬಣ್ಣವೂ ಇಲ್ಲದೆ ನೋಡುವುದು ಸುಲಭವಾಯಿತು. ಹೇರಳವಾಗಿರುವ ಅಣುಗಳಿಗೆ ಇದು ಉತ್ತಮ, ವಿರಳವಾಗಿರುವ ಅಣುಗಳಿಗೆ ಇನ್ನೂ ಪ್ರತಿದೀಪ್ತಿಯೇ ಬೇಕು.

ಪ್ರಶ್ನೆ: ಕೋಶದೊಳಗಿನ ತಾಪಮಾನವನ್ನೂ ಅಳೆದಿದ್ದಾರಂತೆ. ಮೈಟೊಕಾಂಡ್ರಿಯಗಳು 50 ಡಿಗ್ರಿ ಬಿಸಿಯಿರುತ್ತವೆ ಎಂಬುದು ನಿಜವೇ?

ಉತ್ತರ: ಅಳೆಯುವ ಪ್ರಯತ್ನಗಳು ನಿಜ, 50 ಡಿಗ್ರಿ ಎಂಬುದು ಇತ್ಯರ್ಥವಾಗಿಲ್ಲ. 2018ರಲ್ಲಿ ಪ್ರಕಟವಾದ ಆ ಅಂಕಿ, ಶಾಖ ಹೆಚ್ಚಿದಂತೆ ಹೊಳಪು ಕುಂದುವ, ಮೈಟೊಕಾಂಡ್ರಿಯವನ್ನು ಸೇರುವ ಒಂದು ಬಣ್ಣವನ್ನು ಆಧರಿಸಿತ್ತು. ಅದಕ್ಕೂ ಮುಂಚೆ, 2014ರಲ್ಲಿಯೇ, ಬೇರೆ ಭೌತವಿಜ್ಞಾನಿಗಳು ಲೆಕ್ಕಹಾಕಿ, ಒಂದು ಕೋಶ ಉತ್ಪಾದಿಸುವ ಶಾಖ ಎಷ್ಟು ಕಡಿಮೆ ಮತ್ತು ಅದು ನೀರಿನಲ್ಲಿ ಎಷ್ಟು ಬೇಗ ಹರಡಿಹೋಗುತ್ತದೆ ಎಂದರೆ, ಕೋಶದೊಳಗೆ ಒಂದು ಡಿಗ್ರಿಯ ಅಂತರ ನಿಲ್ಲುವುದೂ ಕಷ್ಟವೆಂದು ತೋರಿಸಿದ್ದರು. ಆವರೆಗೆ ವರದಿಯಾಗಿದ್ದ ಏರಿಕೆಗಳಿಗೂ ಆ ಲೆಕ್ಕಕ್ಕೂ ನಡುವೆ ಲಕ್ಷ ಪಟ್ಟಿನಷ್ಟು ವ್ಯತ್ಯಾಸವಿತ್ತು. ಬಣ್ಣದ ಹೊಳಪು ಶಾಖದಿಂದಲ್ಲದೆ ಪಿಎಚ್, ಸ್ನಿಗ್ಧತೆ, ಪೊರೆಯ ವಿದ್ಯುತ್ ವಿಭವ ಇವುಗಳಿಂದಲೂ ಬದಲಾಗಬಹುದು, ಮೈಟೊಕಾಂಡ್ರಿಯ ಚುರುಕಾದಾಗ ಇವೆಲ್ಲವೂ ಒಟ್ಟಿಗೆ ಬದಲಾಗುತ್ತವೆ.

ಈ ಕಾರಣದಿಂದ ನಮಗೆ ಹೆಚ್ಚು ಭರವಸೆ ಮೂಡಿಸಿರುವುದು ನ್ಯಾನೋ ಗಾತ್ರದ ವಜ್ರದ ಕಣಗಳು. ವಜ್ರದ ಹರಳಿನಲ್ಲಿ ಇಂಗಾಲದ ಒಂದು ಪರಮಾಣುವಿನ ಜಾಗದಲ್ಲಿ ನೈಟ್ರೋಜನ್ ಸೇರಿ, ಪಕ್ಕದ ಜಾಗ ಖಾಲಿ ಉಳಿದರೆ ಅಲ್ಲಿ ಕೆಂಪು ಬೆಳಕು ಸೂಸುವ ಕೇಂದ್ರವುಂಟಾಗುತ್ತದೆ. ಅದು ಸ್ಪಂದಿಸುವ ಮೈಕ್ರೋತರಂಗದ ಆವೃತ್ತಿ ಶಾಖಕ್ಕೆ ತಕ್ಕಂತೆ ಸರಿಯುತ್ತದೆ. ಆ ಕೇಂದ್ರ ಗಟ್ಟಿ ಹರಳಿನೊಳಗೆ ಹುದುಗಿರುವುದರಿಂದ ಸುತ್ತಲಿನ ರಾಸಾಯನಿಕ ಪರಿಸರದ ಪ್ರಭಾವ ಅದರ ಮೇಲೆ ಬಹಳ ಕಡಿಮೆ. 2013ರಲ್ಲಿ ಇಂತಹ ಕಣಗಳನ್ನು ಮಾನವ ಕೋಶದೊಳಗೆ ಸೇರಿಸಿ, ಜೊತೆಗಿಟ್ಟ ಚಿನ್ನದ ಕಣವನ್ನು ಲೇಸರಿನಿಂದ ಕಾಯಿಸಿ, ಆ ಏರಿಕೆಯನ್ನು ಅಳೆದು ತೋರಿಸಲಾಯಿತು. ಆ ಪ್ರಯೋಗದಲ್ಲಿ ಶಾಖವನ್ನು ಕೊಟ್ಟವರು ಸಂಶೋಧಕರೇ. ಮೈಟೊಕಾಂಡ್ರಿಯ ತಾನಾಗಿ ಎಷ್ಟು ಬಿಸಿಯಾಗುತ್ತದೆ ಎಂಬುದು ತೀರ್ಮಾನವಾಗಬೇಕಾದರೆ ವಜ್ರದ ಕಣವನ್ನು ಅದಕ್ಕೇ ತಾಗುವಂತೆ ಇರಿಸಿ, ಅದೇ ಹೊತ್ತಿಗೆ ಬಣ್ಣದ ಸಂವೇದಕವನ್ನೂ ಓದಿ, ಎರಡರ ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕಾಗುತ್ತದೆ.